ಕ್ಲಿಪ್ ಹಾಕುವ ಡಾಕ್ಟರು

ಹಾಲುಹಲ್ಲು ಬಿದ್ದರೆ ಏನು ಮಾಡಬೇಕು ಅಂತ ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಸಗಣಿ ಉಂಡೆಯೊಳಗೆ ಹಲ್ಲು ಅದುಮಿ, ಮಾಳಿಗೆ ಮೇಲಕ್ಕೆ ಎಸೆದು, ಹಿಂದಿರುಗಿ ನೋಡದೆ ಓಡಿಬಂದರೆ ಮುಗಿಯಿತು. 2019ರಲ್ಲಿ ನನ್ನ ಮಗಳ ಮೊದಲ ಹಲ್ಲು ಬಿದ್ದಾಗ ನಾವಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯ ಪಕ್ಕ, ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ. ದೋಸೆ ತಿನ್ನುತ್ತಿದ್ದವಳು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಓಡಿಬಂದಳು. ಸಗಣಿಗೇನೂ ತೊಂದರೆಯಾಗಲಿಲ್ಲ, ದೊಡ್ಡತೋಗೂರಿನ ಒಳಗಲ್ಲಿಗಳಲ್ಲಿ ಹಸು ಕಟ್ಟುವ ಮನೆಗಳು ಇನ್ನೂ ಇವೆ. ತೊಂದರೆಯಾದದ್ದು ಮಾಳಿಗೆಗೆ. ಉಂಡೆ ಹಿಡಿದು ನಿಂತ ನಮ್ಮತ್ತೆ, "ಎಲ್ಲೈತಮ್ಮಾ ಮಾಳಿಗೆ?" ಅಂದರು. ಟೆರೇಸಿಗೆ ಬೀಗ, ಬೀಗದ ಕೈ ಸೆಕ್ಯೂರಿಟಿಯವರ ಹತ್ತಿರ, ಅವರು ತಿಂಡಿಗೆ ಹೋಗಿದ್ದಾರೆ. ಕೊನೆಗೆ ಕೆಳಗಿಳಿದು ಹೊಂಗೆಮರದ ಬುಡದಲ್ಲಿ ಹೂತು ಬಂದೆವು. ಮೊಮ್ಮಗಳ ಹಲ್ಲು ನೇರ ಬರದೇ ಹೋದದ್ದು ಇದರಿಂದಲೇ ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಕಾರಣ ಹುಡುಕಿ ಹುಡುಕಿ ಸುಸ್ತಾಗುವುದು ಎಂಥದ್ದು ಅಂತ ನನಗೂ ಗೊತ್ತು.

ಹೊಸ ಹಲ್ಲು ಬಂತು. ಮುಂದಿನ ಎರಡರ ನಡುವೆ ಬೆಂಕಿಕಡ್ಡಿ ತೂರುವಷ್ಟು ಜಾಗ, ಪಕ್ಕದವೆರಡು ಬೀಸಣಿಗೆ ಬಿಚ್ಚಿದ ಹಾಗೆ ಆಚೆಗೊಂದು ಈಚೆಗೊಂದು. ಎಂಟರ ತನಕ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಒಂಬತ್ತಾದಾಗ ಶಾಲೆಯಲ್ಲಿ ಯಾರೋ ಏನೋ ಅಂದಿರಬೇಕು. ಒಂದು ಸಂಜೆ ಟಿವಿ ನೋಡುತ್ತಾ ನಕ್ಕಳು. ನಗುವಾಗ ಅಂಗೈ ಬಾಯಿಗೆ ಅಡ್ಡ ಬಂತು. ಮಗು ಹಾಗೆ ಬಾಯಿ ಮುಚ್ಚಿಕೊಂಡು ನಗುವುದನ್ನು ನೀವು ನೋಡಿದ್ದೀರಾ? ನೋಡಿದ್ದರೆ ನನಗೆ ಆ ರಾತ್ರಿ ಯಾಕೆ ನಿದ್ದೆ ಬರಲಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬ್ಲಾಕಿನ ಕೆಳಗೆ, ಲಿಫ್ಟಿನ ಎದುರಿಗೆ ಒಂದು ಸಿಮೆಂಟು ಬೆಂಚಿದೆ. ಊರಿನ ಜಗಲಿ ಮಾಡುವ ಕೆಲಸವನ್ನೆಲ್ಲ ಇಲ್ಲಿ ಅದೇ ಮಾಡುತ್ತದೆ. ಮಾರನೇ ದಿನ ಅಲ್ಲಿ ವಿಷಯ ತೆಗೆದೆ. ಮೂರನೇ ಮಹಡಿಯ ಮಂಡ್ಯದ ಅಕ್ಕ ಕೂಡಲೇ, "ಅಯ್ಯೋ, ಅದುಕ್ಯಾಕ್ ತಲೆ ಕೆಡಿಸ್ಕತೀರಿ? ಹೊಸ ರೋಡಲ್ಲಿ ಒಬ್ರು ಆರ್ಥೋ ಡಾಕ್ಟ್ರವ್ರೆ, ಕೈಗುಣ ಅಂದ್ರೆ ಕೈಗುಣ" ಅಂದರು. ಶನಿವಾರ ಮಗಳನ್ನು ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರ ಕಾಲಿಗೆ ಹಿಟ್ಟಿನ ಕಟ್ಟು, ಇನ್ನೊಬ್ಬರ ಕುತ್ತಿಗೆಗೆ ಪಟ್ಟಿ. ಒಳಗಿದ್ದ ಡಾಕ್ಟರು ಮಗಳ ಮೊಣಕಾಲು ಒತ್ತಿ ನೋಡಿ, "ಎಲ್ಲಿ ನೋವು ಪುಟ್ಟಾ?" ಅಂತ ಕೇಳಿದರು. ಅವಳು ಬಾಯಿ ತೆರೆದಳು. ಮೂಳೆ ಡಾಕ್ಟರು ಅವರು! ಫೀಸು ತೆಗೆದುಕೊಳ್ಳಲಿಲ್ಲ, ಬಾಗಿಲ ತನಕ ಬಂದು ಕಳಿಸಿಕೊಟ್ಟರು, ಪುಣ್ಯಾತ್ಮರು.

ಆದರೆ ಮಂಡ್ಯದ ಅಕ್ಕನದು ಪೂರ್ತಿ ತಪ್ಪು ಅನ್ನಲಾರೆ. ಮೂಳೆ ಡಾಕ್ಟರಿಗೂ ಹಲ್ಲು ಸಾಲು ಮಾಡುವ ಡಾಕ್ಟರಿಗೂ ಇರುವ ಆರ್ಥೋ ಒಂದೇ, ನೆಟ್ಟಗೆ ಅನ್ನುವ ಅರ್ಥದ ಗ್ರೀಕ್ ಮಾತು. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿ ಎಂಬ ವೈದ್ಯ ಮಕ್ಕಳ ಮೈಯ ಸೊಟ್ಟ ತಿದ್ದುವುದರ ಬಗ್ಗೆ ಪುಸ್ತಕ ಬರೆದು ಮೂಳೆ ವೈದ್ಯಕ್ಕೆ ಆ ಹೆಸರಿಟ್ಟ. ಅದರಲ್ಲೊಂದು ಚಿತ್ರವಿದೆ: ಬಗ್ಗಿ ಬೆಳೆದ ಎಳೆಯ ಮರ, ಪಕ್ಕದಲ್ಲಿ ನೆಟ್ಟ ಗೂಟ, ಎರಡನ್ನೂ ಸೇರಿಸಿ ಸುತ್ತಿದ ಹಗ್ಗ. ಇವತ್ತಿಗೂ ಜಗತ್ತಿನ ಎಷ್ಟೋ ಮೂಳೆ ವೈದ್ಯರ ಸಂಘಗಳು ಅದನ್ನೇ ಲಾಂಛನ ಮಾಡಿಕೊಂಡಿವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾವು ಹೇಳಿಕೊಂಡು ಬಂದದ್ದನ್ನು ಅವನು ಬರೆಸಿಟ್ಟ ಹಾಗಿದೆ. ಆದರೆ ಹಲ್ಲಿನ ವಿಷಯದಲ್ಲಿ ಈ ಗಾದೆ ಅಮ್ಮಂದಿರನ್ನು ಸುಮ್ಮನೆ ಹೆದರಿಸುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಅದನ್ನು ಹೇಳುತ್ತೇನೆ, ತಾಳಿ.

ಹಲ್ಲಿನ ಕ್ಲಿನಿಕ್ಕಿಗೇ ಹೋದೆವು, ಹೆಸರು ಬೇಡ. ಏಸಿ, ಸೋಫಾ, ಮಕ್ಕಳಿಗೆ ಬಲೂನು. ಒಬ್ಬ ಹುಡುಗಿ ಬಂದು ಪೆನ್ನಿನಂಥ ಕ್ಯಾಮೆರಾವನ್ನು ಮಗಳ ಬಾಯೊಳಗೆ ಆಡಿಸಿದಳು. ಗೋಡೆಯ ಪರದೆ ಮೇಲೆ ನನ್ನ ಮಗಳ ಹಲ್ಲುಗಳು ಆನೆದಂತದಷ್ಟು ದೊಡ್ಡದಾಗಿ ಬಂದವು, ಒಂದೇ ಗಳಿಗೆಯಲ್ಲಿ ಸಾಲಾಗಿ ನಿಂತು ಮುತ್ತಿನ ಹಾಗೆ ಹೊಳೆದವು. "ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ ಮೇಡಂ, ಇಎಂಐ ಕೂಡ ಆಗುತ್ತೆ." ಡಾಕ್ಟರು ಬಂದದ್ದು ಅದಾದ ಮೇಲೆ, ನಿಂತಿದ್ದು ಎರಡು ನಿಮಿಷ. ನಾನು ಪರ್ಸು ತೆಗೆಯುವುದರಲ್ಲಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ಮಗಳು ಆ ಪರದೆಯನ್ನು ಅಷ್ಟು ಆಸೆಯಿಂದ ನೋಡುತ್ತಿದ್ದಳು.

ತಡೆದವರು ನಮ್ಮನೆಯವರು. ಬೊಮ್ಮಸಂದ್ರದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಇರುವವರು. ಮಾತು ಕಡಮೆ. ಹೊರಗೆ ಬಂದು ಸ್ಕೂಟರಿಗೆ ಕೀ ಹಾಕುತ್ತಾ ಅಂದರು: "ಎಕ್ಸ್‌ರೇ ತೆಗೀಲಿಲ್ಲ, ಅಚ್ಚು ತಗೊಳ್ಳಲಿಲ್ಲ. ರೇಟು ಮಾತ್ರ ಹೇಳಿದ್ರು. ಡ್ರಾಯಿಂಗ್ ಇಲ್ದೆ ಮಿಷಿನ್ ಆನ್ ಮಾಡೋರ ಕೈಗೆ ನಾನು ಕಬ್ಬಿಣ ಕೂಡ ಕೊಡಲ್ಲ ಕಣೆ."

ಆ ರಾತ್ರಿ ಊಟ ಬಡಿಸುವಾಗ ನಮ್ಮತ್ತೆ ತಮ್ಮ ಮಾವನವರ ಕಥೆ ತೆಗೆದರು. ಅವರು ವರ್ಷ ವರ್ಷ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗುತ್ತಿದ್ದರಂತೆ. ಎತ್ತು ಕೊಳ್ಳುವವರು ಮೊದಲು ನೋಡುವುದು ಬಾಯಿ. ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಿಂದ ಕೆಳದುಟಿ ಇಳಿಸಿದರೆ ವಯಸ್ಸು ತಾನಾಗಿ ತಿಳಿಯುತ್ತದೆ. ಹಾಲುಹಲ್ಲಿನ ಹೋರಿ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿತು, ಎತ್ತು ಪ್ರಾಯಕ್ಕೆ ಬಂತು. ದಳ್ಳಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವಾಗ ಈ ಅಜ್ಜ ಕೈ ಕೊಡುತ್ತಲೇ ಇರಲಿಲ್ಲವಂತೆ. ಒಂದು ದಿನ ಪೂರ್ತಿ ದೂರ ಕೂತು ಎತ್ತು ಮೇವು ತಿನ್ನುವುದನ್ನು ನೋಡೋದು, ಮಾರನೇ ದಿನ ಬಾಯಿ ನೋಡೋದು, ಮೂರನೇ ದಿನ ಮಾತಾಡೋದು. "ಅವಸರ ಮಾಡೋ ದಳ್ಳಾಳಿ ಎತ್ತಿನಲ್ಲಿ ಏನೋ ಐಬು ಐತೆ ಅಂತಲೇ ಲೆಕ್ಕ" ಅಂದರು ನಮ್ಮತ್ತೆ, ಸಾರಿನ ಸೌಟು ಎತ್ತಿ ಹಿಡಿದು. ನಾನು ಮಗಳ ಕಡೆ ನೋಡಿದೆ. ಅವಳ ಬಾಯಿ ಗೂಡುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು.

ಎರಡನೇ ಕ್ಲಿನಿಕ್ಕು ಚಿಕ್ಕದು, ಮೆಡಿಕಲ್ ಸ್ಟೋರಿನ ಮೇಲಿನ ಒಂದೂವರೆ ಕೋಣೆ. ಅಲ್ಲಿನ ಹಲ್ಲು ಡಾಕ್ಟರು ಕನ್ನಡಿ ಹಾಕಿ ನೋಡಿ, "ಇದು ನನ್ನ ಕೆಲಸ ಅಲ್ಲಮ್ಮ, ಎರಡನೇ ಶನಿವಾರ ನಮ್ಮಲ್ಲಿಗೆ ಕ್ಲಿಪ್ ಹಾಕೋ ಡಾಕ್ಟರು ಬರ್ತಾರೆ, ಆಗ ಬನ್ನಿ" ಅಂದರು. ನನ್ನ ಕೆಲಸ ಅಲ್ಲ ಅನ್ನುವುದಕ್ಕೂ ಒಂದು ಯೋಗ್ಯತೆ ಬೇಕು ಅಲ್ಲವೇ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹಲ್ಲಿನ ಆಸ್ಪತ್ರೆಗಳ ಬೋರ್ಡು ಸಾಲಾಗಿ ಇವೆ, ಆದರೆ ಎಷ್ಟೋ ಕಡೆ ತಂತಿ ಹಾಕುವವರು ಹೀಗೆ ವಾರಕ್ಕೋ ಹದಿನೈದು ದಿನಕ್ಕೋ ಬಂದು ಹೋಗುವವರು. ಹಲ್ಲು ಡಾಕ್ಟರಾಗಲು ಓದುವ ಬಿಡಿಎಸ್ ಅಂದರೆ ಕೊನೆಯ ವರ್ಷದ ತರಬೇತಿಯೂ ಸೇರಿ ಐದು ವರ್ಷ, ಅದರ ಮೇಲೆ ಎಂಡಿಎಸ್ ಮೂರು ವರ್ಷ. ಆ ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗಗಳಿವೆ. ಒಸಡಿನವರು, ಕಟ್ಟುಹಲ್ಲಿನವರು, ದವಡೆ ಕೊಯ್ಯುವವರು ಎಲ್ಲರೂ ಎಂಡಿಎಸ್‌ಗಳೇ. ಹಲ್ಲು ಸಾಲು ಮಾಡುವುದನ್ನು ಓದಿದವರು ಅದರಲ್ಲಿ ಒಂದು ವಿಭಾಗ. ಆದ್ದರಿಂದ ಬೋರ್ಡಿನ ಮೇಲೆ ಎಂಡಿಎಸ್ ಅಂತ ಕಂಡ ಕೂಡಲೇ ಒಳಗೆ ಹೋಗಬೇಡಿ, ಯಾವುದರಲ್ಲಿ ಅಂತ ಕೇಳಿ. ಕೇಳಿದರೆ ಒಳ್ಳೆಯ ಡಾಕ್ಟರಿಗೆ ಬೇಜಾರಾಗುವುದಿಲ್ಲ. 1948ರ ದಂತವೈದ್ಯರ ಕಾಯಿದೆ ಬಂದಾಗಿನಿಂದ ಪ್ರತಿಯೊಬ್ಬರ ಹೆಸರೂ ರಾಜ್ಯದ ದಂತ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಇರಲೇಬೇಕು. ಎರಡನೇ ಶನಿವಾರ ಬಂದ ಡಾಕ್ಟರಮ್ಮ ನಾನು ಕೇಳುವ ಮುಂಚೆಯೇ ಚೀಟಿಯ ಮೇಲೆ ತಮ್ಮ ನೋಂದಣಿ ಸಂಖ್ಯೆ ತೋರಿಸಿದರು.

ಅವರು ಮಗಳನ್ನು ಕುರ್ಚಿಗೆ ಕೂರಿಸಿ, ಬಾಯಿ ತೆರೆಸುವ ಮೊದಲು ಅವಳ ಜೊತೆ ಸುಮ್ಮನೆ ಮಾತಾಡಿದರು. ಯಾವ ಕ್ಲಾಸು, ಯಾವ ಆಟ, ಬೆರಳು ಚೀಪುತ್ತಿದ್ದೆಯಾ, ರಾತ್ರಿ ಬಾಯಲ್ಲಿ ಉಸಿರಾಡುತ್ತೀಯಾ. ಮಾತಾಡುವಾಗ ಅವಳ ತುಟಿ ಹೇಗೆ ಮುಚ್ಚುತ್ತದೆ ಅಂತ ನೋಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ಆಮೇಲೆ ಮುಂದಿನ ಹಲ್ಲನ್ನು ಹತ್ತಿಯಿಂದ ಒರೆಸಿ, ಗಾಳಿ ಊದಿ ಒಣಗಿಸಿ, ದೀಪ ಹತ್ತಿರ ತಂದರು. ದಿನಾ ನೋಡುತ್ತಿದ್ದ ನನಗೇ ಕಾಣದಿದ್ದದ್ದು ಆಗ ಕಂಡಿತು, ಸುಣ್ಣದ ನೀರು ಎಳೆದ ಹಾಗೆ ಅಡ್ಡಡ್ಡ ಬಿಳಿ ಗೆರೆಗಳು.

"ಮಗು ಚಿಕ್ಕೋಳಿದ್ದಾಗ ಯಾವ ನೀರು ಕುಡೀತಿತ್ತಮ್ಮ? ನಿಮ್ಮದು ಯಾವೂರು?"

ಬೆನ್ನ ಹಿಂದಿನಿಂದ ನಮ್ಮತ್ತೆ ತಟ್ಟನೆ, "ಪಾವಗಡ" ಅಂದರು.

"ಹಾಂ, ಸರಿ" ಅಂದರು ಡಾಕ್ಟರಮ್ಮ.

ನಾಲ್ಕು ವರ್ಷ ತುಂಬುವ ತನಕ ಮಗಳು ಅಜ್ಜಿಯ ಹತ್ತಿರವೇ ಬೆಳೆದಳು, ನಾವಿಬ್ಬರೂ ಇಲ್ಲಿ ಶಿಫ್ಟು ಅಂತ ಓಡಾಡುತ್ತಿದ್ದೆವು. ಪಾವಗಡದ ಕೊಳವೆಬಾವಿ ನೀರಿನ ಕಥೆ ನಿಮಗೂ ಗೊತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಅಲ್ಲಿ ಎಷ್ಟೋ ಹಳ್ಳಿಗಳಲ್ಲಿ ದಾಟುತ್ತಲೇ ಬಂದಿದೆ. ನಮ್ಮೂರಿನವರ ಹಲ್ಲು ಸೊಟ್ಟಗಿದೆಯೋ ನೆಟ್ಟಗಿದೆಯೋ ಅಂತ ಯಾರೂ ನೋಡಲೇ ಇಲ್ಲ, ಕಂದು ಬಣ್ಣವೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ಏಳಕ್ಕೆ ಹುಟ್ಟುವ ಹಲ್ಲು ಒಸಡಿನ ಒಳಗೆ ಮೂರು ನಾಲ್ಕರಲ್ಲೇ ಮೈತಳೆಯುತ್ತಿರುತ್ತದೆಯಂತೆ. ಆಗ ಕುಡಿದ ನೀರು ಅದರ ಮೇಲೆ ಗೆರೆ ಎಳೆದು ಹೋಗುತ್ತದೆ. ಇಂಥ ಹಲ್ಲಿಗೆ ಕ್ಲಿಪ್ಪಿನ ಅಂಟು ಕೂರುವುದು ಸ್ವಲ್ಪ ಕಷ್ಟ, ಅದಕ್ಕೇ ಕೇಳಿದ್ದು ಅಂತ ಡಾಕ್ಟರಮ್ಮ ವಿವರಿಸಿದರು. ನನಗೆ ಅಂಟಿನ ಮಾತು ಅಷ್ಟಾಗಿ ತಲೆಗೆ ಹೋಗಲಿಲ್ಲ. ನನ್ನ ಮಗಳು ಯಾವ ಬಾವಿಯ ನೀರು ಕುಡಿದಳು ಅಂತ ಈ ಊರಲ್ಲಿ ಒಬ್ಬರು ಕೇಳಿದರಲ್ಲ, ಮನಸ್ಸು ಅಲ್ಲೇ ನಿಂತಿತ್ತು.

ಆಮೇಲೆ ದೊಡ್ಡ ಎಕ್ಸ್‌ರೇ ತೆಗೆಸಿದರು, ಎರಡೂ ದವಡೆ ಒಂದೇ ಹಾಳೆಯಲ್ಲಿ ಬರುವಂಥದ್ದು. ಒಸಡಿನೊಳಗೆ ಇನ್ನೂ ಇಳಿಯದ ಕೋರೆಹಲ್ಲುಗಳು ಅದರಲ್ಲಿ ಮಲಗಿದ್ದವು. ಅವು ಇಳಿಯುತ್ತಾ ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತವೆ, ಬೇರು ಒಳಕ್ಕೆ ಸರಿದಾಗ ತಲೆ ಹೊರಕ್ಕೆ ವಾಲುತ್ತದೆ, ನಡುವೆ ಸಂದು ಬೀಳುತ್ತದೆ. ಎಂಟರಿಂದ ಹನ್ನೊಂದರ ತನಕ ಬಹಳ ಮಕ್ಕಳಿಗೆ ಹೀಗೆಯೇ. ಆಂಡರ್ಸನ್ನನ ಕಥೆಯ ಚೆಂದವಿಲ್ಲದ ಬಾತುಮರಿಯ ಹೆಸರನ್ನೇ ವೈದ್ಯರು ಈ ವಯಸ್ಸಿಗೆ ಇಟ್ಟಿದ್ದಾರೆ, ಯಾಕೆಂದರೆ ಕೋರೆಹಲ್ಲು ಇಳಿದ ಮೇಲೆ ಎಷ್ಟೋ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. "ಈಗ ಏನೂ ಬೇಡಮ್ಮ. ಆರು ತಿಂಗಳಿಗೊಮ್ಮೆ ತೋರಿಸಿ. ಜಾಗ ಸಾಲದೆ ಬಂದರೆ ಹನ್ನೆರಡಕ್ಕೆ ನೋಡೋಣ." ಅಚ್ಚು ತೆಗೆದರು, ಫೋಟೋ ತೆಗೆದರು, ಎಕ್ಸ್‌ರೇ ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಒಂದು ಅಪಾಯಿಂಟ್‌ಮೆಂಟಿನ ಫೀಸು ಬಿಟ್ಟು ಬೇರೇನೂ ಕೇಳಲಿಲ್ಲ. ಬೇಡ ಅಂದವರನ್ನು ನಂಬುವುದಕ್ಕೂ ನಮಗೆ ಭಯವೇ, ಅಲ್ಲವೇ? ತಡ ಮಾಡಿ ಮಗುವಿನ ದವಡೆ ಬಲಿತುಬಿಟ್ಟರೆ? ಗಾದೆ ರಾತ್ರಿಯೆಲ್ಲ ಕಿವಿಯಲ್ಲಿ ಕೂತು ಕುಟ್ಟುತ್ತಿತ್ತು.

ಸಂಶಯ ಪರಿಹಾರಕ್ಕೆ ಅಂತ ಹೊಸೂರು ರಸ್ತೆಯ ಬಸ್ಸು ಹಿಡಿದು ಕೋಟೆಗೆ ಹೋದೆವು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, 1958ರಿಂದ ಇದೆ. ಮಾರ್ಕೆಟ್ಟಿನ ಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರೆ ಚೀಟಿಯ ಸಾಲು. ಕನಕಪುರದವರು, ಮಾಗಡಿಯವರು, ಕೋಲಾರದವರು, ಟಿಫನ್ ಡಬ್ಬಿ ತಂದವರು. ನಮ್ಮ ಸರದಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಎಂಡಿಎಸ್ ಓದುತ್ತಿದ್ದ ಹುಡುಗನೊಬ್ಬ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಹಚ್ಚಿ ತುಂಬ ಹೊತ್ತು ನೋಡಿದ. ಆಮೇಲೆ ಅವನ ಮೇಡಂ ಬಂದರು, ಅವನನ್ನೇ ಪ್ರಶ್ನೆ ಕೇಳಿದರು, ಅವನು ಉತ್ತರ ಹೇಳಿದ, ಒಂದು ಕಡೆ ಅವರು ತಿದ್ದಿದರು. ನನ್ನ ಮಗಳ ಬಾಯಿ ಒಂದು ಪಾಠವಾದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಕಲಿಸುವ ಜಾಗದಲ್ಲಿ ಯಾವುದನ್ನೂ ಯಾಕೆ ಅಂತ ಹೇಳದೆ ಮಾಡುವ ಹಾಗಿಲ್ಲ, ರೋಗಿಗೆ ಅದೇ ದೊಡ್ಡ ರಕ್ಷೆ. ಅವರೂ ಅಂದದ್ದು ಅದೇ: ಕಾಯಿರಿ.

ಕಾದೆವು. ಕಾಯುವುದು ಸುಲಭದ ಊರೇ ಇದು? ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ನಗರಿ ಕಟ್ಟುತ್ತೇವೆ ಅಂದಾಗ ಇದು ಊರಾಚೆಯ ಜಾಗ. ಈಗ ಇಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಜೀವನ ನಡೆಯುತ್ತದೆ. ಎದುರುಮನೆಯವರು ಪುಣೆಗೆ ಹೋಗುತ್ತಾರೆ, ಇಡ್ಲಿ ಹೋಟೆಲು ಮೊಬೈಲ್ ಅಂಗಡಿಯಾಗುತ್ತದೆ. ಹಲ್ಲಿನ ಕೆಲಸವೋ ಒಂದೂವರೆ ಎರಡು ವರ್ಷದ್ದು, ಆಮೇಲೆ ಸಾಲು ಕೆಡದ ಹಾಗೆ ಹಿಡಿದಿಡುವ ತಟ್ಟೆ ಬೇರೆ ವರ್ಷಗಟ್ಟಲೆ ಹಾಕಬೇಕು. ಶುರು ಮಾಡಿದವರು ಮುಗಿಸುವ ತನಕ ಇರುತ್ತಾರಾ? ಕ್ಲಿಪ್ ಹಾಕಿಸುವ ತಾಯಂದಿರು ರೇಟಿಗಿಂತ ಮೊದಲು ಕೇಳಬೇಕಾದದ್ದು ಇದನ್ನೇ ಅಂತ ನಾನು ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳುತ್ತೇನೆ.

ನಮ್ಮ ಒಂದೂವರೆ ಕೋಣೆಯ ಕ್ಲಿನಿಕ್ಕೂ ಉಳಿಯಲಿಲ್ಲ. ಬಾಡಿಗೆ ಏರಿತು, ಬೋರ್ಡು ಇಳಿಯಿತು. ಆದರೆ ಮುಚ್ಚುವ ಹದಿನೈದು ದಿನ ಮುಂಚೆ ಡಾಕ್ಟರಮ್ಮ ತಾವೇ ಫೋನು ಮಾಡಿದರು. ಜಯನಗರದಲ್ಲಿ ಕೂರುತ್ತೇನೆ, ಅಷ್ಟು ದೂರ ಬರಲಾಗದಿದ್ದರೆ ಬೇರೆಯವರಿಗೆ ಕಾಗದ ಬರೆದುಕೊಡುತ್ತೇನೆ, ಏನೇ ಆಗಲಿ ನಿಮ್ಮ ಫೈಲು ನಿಮ್ಮದು, ಬಂದು ತೆಗೆದುಕೊಂಡು ಹೋಗಿ. ಫೈಲಿನ ಜೊತೆ ಒಂದು ರಟ್ಟಿನ ಡಬ್ಬಿ. ಅದರಲ್ಲಿ ಹತ್ತಿ ಹಾಸಿನ ಮೇಲೆ ಬಿಳಿ ಪ್ಲಾಸ್ಟರಿನ ಎರಡು ಅಚ್ಚು, ಒಂಬತ್ತು ವರ್ಷದ ನನ್ನ ಮಗಳ ಮೇಲ್ದವಡೆ, ಕೆಳದವಡೆ. ಬುಡದಲ್ಲಿ ಪೆನ್ಸಿಲಿನಿಂದ ತಾರೀಖು. ಸಂದು, ಬೀಸಣಿಗೆ, ಅರ್ಧ ಬೆಳೆದ ಹಲ್ಲು ಎಲ್ಲ ಇದ್ದ ಹಾಗೇ. ನಮ್ಮತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ಒಂದೊಂದೇ ಹಲ್ಲು ಸವರಿ, ಸೆರಗಿನಿಂದ ಒರೆಸಿ, ಶೋಕೇಸಿನಲ್ಲಿ ಗಣಪತಿಯ ಪಕ್ಕ ಇಟ್ಟರು.

2025 ಬಂತು. ಮುಂದಿನ ಸಂದು ಡಾಕ್ಟರಮ್ಮ ಅಂದ ಹಾಗೇ ತಾನಾಗಿ ಮುಚ್ಚಿಕೊಂಡಿತ್ತು. ಮೇಲಿನ ಎಡ ಕೋರೆಹಲ್ಲಿಗೆ ಮಾತ್ರ ಜಾಗ ಸಾಲದೆ ಸಾಲು ಬಿಟ್ಟು ಮೇಲೆ ಹತ್ತಿ ಕೂತಿತ್ತು. ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾಯಿತು, ಡ್ರೈವರಿಲ್ಲದೆಯೂ ಓಡಬಲ್ಲ ರೈಲು. ಮೊದಮೊದಲು ಇಪ್ಪತ್ತೈದು ನಿಮಿಷಕ್ಕೊಂದು ಬರುತ್ತಿತ್ತು, ಆದರೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಮೇಲಿನಿಂದ ನೋಡುತ್ತಾ ಆರ್.ವಿ. ರಸ್ತೆಯಲ್ಲಿ ಇಳಿದ ದಿನ ಜಯನಗರ ನಮ್ಮ ಪಕ್ಕದ ಬೀದಿಯಾಯಿತು. ಡಾಕ್ಟರಮ್ಮ ಹಳೆಯ ಅಚ್ಚನ್ನೂ ಹೊಸ ಅಚ್ಚನ್ನೂ ಪಕ್ಕಪಕ್ಕ ಇಟ್ಟು ನಮ್ಮನೆಯವರಿಗೆ ಮಿಲಿಮೀಟರಿನ ಲೆಕ್ಕ ತೋರಿಸಿದರು. ಇವರು ಕನ್ನಡಕ ಏರಿಸಿಕೊಂಡು ಟೂಲ್‌ರೂಮಿನ ಪ್ರಶ್ನೆಗಳನ್ನೇ ಕೇಳಿದರು, ಅವರು ಎಲ್ಲಕ್ಕೂ ಉತ್ತರ ಕೊಟ್ಟರು. ಹಲ್ಲು ಕೀಳದೆ ಜಾಗ ಮಾಡಬಹುದು, ಯಾಕೆ, ಆಗದಿದ್ದರೆ ಏನು, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹಣವನ್ನು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಟ್ಟರೆ ಸಾಕು ಅಂದರು.

ತಂತಿಯ ವಿಷಯ ನಿಮಗೆ ಹೇಳಲೇಬೇಕು. ನಿಕ್ಕಲ್ಲು, ಟೈಟಾನಿಯಂ ಬೆರೆಸಿದ ಕೂದಲೆಳೆಯಂಥ ತಂತಿ, ನಿಟಿನಾಲ್ ಅಂತ ಹೆಸರು. 1960ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದು. 1970ರ ದಶಕದಲ್ಲಿ ಅಯೋವಾದ ಜಾರ್ಜ್ ಆಂಡ್ರಿಯಾಸನ್ ಅದನ್ನು ಹಲ್ಲಿಗೆ ತಂದರು. ಹೇಗೆ ಬಗ್ಗಿಸಿದರೂ ಅದು ತನ್ನ ಹಳೆಯ ಆಕಾರವನ್ನು ನೆನಪಿಟ್ಟುಕೊಂಡಿರುತ್ತದೆ. ಬಾಯಿಯ ಬಿಸಿ ತಾಕಿದಾಗ ಮೆಲ್ಲಗೆ ಅದಕ್ಕೇ ಮರಳುತ್ತದೆ, ಮರಳುವಾಗ ಹಲ್ಲನ್ನೂ ಜೊತೆಗೆ ಎಳೆಯುತ್ತದೆ. ಎಳೆತದ ಒಂದು ಮಗ್ಗುಲಿಗೆ ಮೂಳೆ ಕರಗುತ್ತದೆ, ಇನ್ನೊಂದು ಮಗ್ಗುಲಿಗೆ ಹೊಸದು ತುಂಬುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರು, ಅಷ್ಟೇ. ಇದನ್ನು ಕೇಳುವಾಗ ನನಗೆ ಹುಸ್ಕೂರು ಮದ್ದೂರಮ್ಮನ ಜಾತ್ರೆ ಕಣ್ಣಿಗೆ ಬಂತು. ನೂರಡಿಗೂ ಎತ್ತರದ ತೇರುಗಳು ಸುತ್ತಲಿನ ಹಳ್ಳಿಗಳಿಂದ ಹೊಲದ ದಾರಿಯಲ್ಲಿ ಬರುತ್ತವೆ. ಮುಂದೆ ಎತ್ತು, ಟ್ರ್ಯಾಕ್ಟರು. ಸುತ್ತ ಹಗ್ಗ ಹಿಡಿದ ಜನ, ವಾಲದ ಹಾಗೆ ಎಳೆದು ಬಿಗಿದು ಬಿಡುತ್ತಾ. 2024ರಲ್ಲಿ ಒಂದು ತೇರು ಉರುಳಿತು, ಮರುವರ್ಷ ಮತ್ತೆ ಉರುಳಿದಾಗ ಜೀವವೂ ಹೋಯಿತು, ನೆನೆದರೆ ಹೊಟ್ಟೆ ಹಿಂಡುತ್ತದೆ. ಎತ್ತರದ್ದನ್ನು ಎಳೆಯುವ ಕೈ ಎಷ್ಟು ನಿಧಾನವಾದರೂ ಸಾಲದು.

ಕಾರ್ತಿಕದ ಕಡೇ ಸೋಮವಾರದ ಹಿಂದಿನ ವಾರ ಕ್ಲಿಪ್ ಹಾಕಿದರು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಶುರುವಾಗುವುದರಲ್ಲಿತ್ತು, ಊರಿಂದ ನಮ್ಮ ಹೊಲದ ಹಸಿ ಕಡಲೆಕಾಯಿಯ ಚೀಲವೂ ಬಂದಿತ್ತು. ಡಾಕ್ಟರಮ್ಮ ಕೊಟ್ಟ ಪಟ್ಟಿಯಲ್ಲಿ ಬೇಡ ಅಂದದ್ದು ಚಕ್ಕುಲಿ, ಕಬ್ಬು, ಜೋಳದ ತೆನೆ, ಕಡಲೆಕಾಯಿ. ಮೊದಲ ರಾತ್ರಿ ಹಲ್ಲು ಜುಂ ಅನ್ನುತ್ತಿದೆ ಅಂತ ಮಗಳು ತಟ್ಟೆ ತಳ್ಳಿದಳು.

"ಮುದ್ದೆ ನುಂಗಕ್ಕೆ ಹಲ್ಯಾಕೆ ಮಗಾ?" ಅಂದರು ನಮ್ಮತ್ತೆ. ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಾವೇ ಬಾಯಿಗಿಟ್ಟರು. ಊಟ ಮುಗಿದ ಮೇಲೆ ಒರಳು ತೊಳೆದು ತಂದು, ಹುರಿದ ಕಡಲೆಬೀಜಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಲು ಕೂತರು. ಆರನೇ ಮಹಡಿಯವರು ಸದ್ದಿಗೆ ಏನನ್ನುತ್ತಾರೋ ಅಂತ ನನಗೆ ಯೋಚನೆ. ಮಗಳು ಅಜ್ಜಿಯ ಪಕ್ಕ ಕೂತು, ಒಂದು ಚಿಟಿಕೆ ಪುಡಿ ನಾಲಿಗೆ ಮೇಲಿಟ್ಟುಕೊಂಡು, ಖಾರಕ್ಕೆ ಉಸ್ಸೆಂದು ಬಾಯಿ ತೆರೆದು ನಕ್ಕಳು. ಟ್ಯೂಬ್‌ಲೈಟಿನ ಬೆಳಕಿಗೆ ತಂತಿ ಮಿನುಗಿತು. ಎರಡೂ ಕೈ ಒರಳ ಅಂಚಿನ ಮೇಲೆಯೇ ಇದ್ದವು.